'ಟೇಕ್' ಅಂದರೆ ಬರೀ 'ತಗೋ' ಅಲ್ಲ: ಒಂದೇ ಕ್ರಿಯಾಪದದ ನುಡಿಗಟ್ಟುಗಳನ್ನು ಕಲಿಯುವುದು ಹೇಗೆ?

ಪ್ರಶ್ನೆ: ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬಿ.ಕಾಂ ಮುಗಿಸಿ ಈಗ ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಇಂಗ್ಲಿಷ್ ಇಮೇಲ್ ಓದಿದರೆ ಅರ್ಥವಾಗುತ್ತದೆ, ಮೀಟಿಂಗ್‌ನಲ್ಲಿ ಕಷ್ಟ. ಮೊನ್ನೆ ಮ್ಯಾನೇಜರ್ 'ಕ್ಯಾನ್ ಯು ಟೇಕ್ ದಿಸ್ ಆನ್?' ಎಂದು ಕೇಳಿದರು. ಏನು ತಗೋಬೇಕು ಅಂತ ಗೊತ್ತಾಗದೆ ಸುಮ್ಮನೆ ಕೂತೆ. ಕೆಲಸ ಬೇರೆಯವರಿಗೆ ಹೋಯಿತು. ಟೇಕ್ ಆಫ್, ಟೇಕ್ ಓವರ್, ಟೇಕ್ ಇನ್ ಅಂತ ಒಂದು ದೊಡ್ಡ ಪಟ್ಟಿಯನ್ನೇ ಬಾಯಿಪಾಠ ಮಾಡಿದ್ದೆ. ವಾರ ಕಳೆಯುವುದರಲ್ಲಿ ಎಲ್ಲ ಮರೆತೆ. ಇವನ್ನು ಕಲಿಯುವ ದಾರಿ ಯಾವುದು? 'ಟೆನ್ಶನ್ ತಗೋಬೇಡ' ಅನ್ನುವಂಥ ನಮ್ಮ ಮಾತನ್ನು ಹಾಗೇ ಇಂಗ್ಲಿಷಿನಲ್ಲಿ ಹೇಳಿದರೆ ತಪ್ಪಾ? 'ಟೇಕ್' ಆದ ಮೇಲೆ ಯಾವುದನ್ನು ಹಿಡಿಯಲಿ?

ಉತ್ತರ: ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ. ನಿಮಗೆ ಮರೆತುಹೋಗಿದ್ದು ನೆನಪಿನ ಶಕ್ತಿ ಕಡಿಮೆ ಅಂತಲ್ಲ. ಆ ಪಟ್ಟಿ ಇರುವ ರೀತಿಯೇ ಹಾಗೆ. ಅಕ್ಷರ ಕ್ರಮದಲ್ಲಿ 'ಟೇಕ್ ಆಫ್ಟರ್', 'ಟೇಕ್ ಅಪಾರ್ಟ್', 'ಟೇಕ್ ಬ್ಯಾಕ್' ಅಂತ ಸಾಲಾಗಿ ನಿಂತಿರುತ್ತವೆ. ನೋಡಲು ಒಂದೇ ಥರ, ಅರ್ಥ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ಇಂಥವನ್ನು ಒಟ್ಟಿಗೆ ಕಲಿತರೆ ಒಂದು ಇನ್ನೊಂದನ್ನು ಕಲಸಿಬಿಡುತ್ತದೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಮರೆವಿನ ಬಗ್ಗೆ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದ್ದರು. ಅರ್ಥವೇ ಇಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತವೆ ಎಂದು ಅಳೆದಿದ್ದರು. ಮೊದಲ ಒಂದೆರಡು ದಿನದಲ್ಲೇ ಹೆಚ್ಚಿನದು ಹೋಗುತ್ತದೆ ಅನ್ನುವುದು ಅವರು ಕಂಡ ಸತ್ಯ. ಸಂದರ್ಭ ಇಲ್ಲದ ನುಡಿಗಟ್ಟಿನ ಪಟ್ಟಿಯೂ ತಲೆಗೆ ಅಂಥದ್ದೇ ಸರಕು.

ಆದರೆ 'ಟೇಕ್' ಹಿಡಿದುಕೊಂಡಿದ್ದೀರಲ್ಲ, ಅದು ಒಳ್ಳೆಯ ಆಯ್ಕೆ. ಜನ ನಿಜವಾಗಿ ಬಳಸಿದ ಇಂಗ್ಲಿಷನ್ನು ಎಣಿಸಿ ಬರೆದ ಒಂದು ದೊಡ್ಡ ವ್ಯಾಕರಣ 1999ರಲ್ಲಿ ಬಂತು. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ 12 ಕ್ರಿಯಾಪದಗಳನ್ನು ಅದು ಬೇರೆಯಾಗಿ ಕೊಟ್ಟಿತು: ಸೇ, ಗೆಟ್, ಗೋ, ನೋ, ಥಿಂಕ್, ಸೀ, ಮೇಕ್, ಕಮ್, ಟೇಕ್, ವಾಂಟ್, ಗಿವ್, ಮೀನ್. ಎಲ್ಲವೂ ನೀವು ಐದನೇ ಕ್ಲಾಸಿನ ಹೊತ್ತಿಗೆ ಕಲಿತ ಪದಗಳೇ. ಮೀಟಿಂಗ್‌ನಲ್ಲಿ ನಿಮ್ಮನ್ನು ತಡೆಯುತ್ತಿರುವುದು ದೊಡ್ಡ ಪದಗಳಲ್ಲ, ಈ ಸಣ್ಣವೇ. ದೊಡ್ಡ ಪದಕ್ಕೆ ಒಂದೋ ಎರಡೋ ಅರ್ಥ. ಸಣ್ಣ ಪದಕ್ಕೆ ಹತ್ತಾರು.

ಇದು ಇಂಗ್ಲಿಷಿನ ವಿಚಿತ್ರ ಅಂದುಕೊಳ್ಳಬೇಡಿ. ನಮ್ಮ 'ಹೊಡೆ'ಯನ್ನೇ ನೋಡಿ. ಸೈಕಲ್ಲಿಗೆ ಗಾಳಿ ಹೊಡೆಯುತ್ತೇವೆ. ಗೋಡೆಗೆ ಬಣ್ಣ ಹೊಡೆಯುತ್ತೇವೆ. ಕ್ಲಾಸಿಗೆ ಚಕ್ಕರ್ ಹೊಡೆಯುತ್ತೇವೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತೇವೆ, ಮಧ್ಯಾಹ್ನ ನಿದ್ದೆ ಹೊಡೆಯುತ್ತೇವೆ. ಯಾರೋ ಕಣ್ಣು ಹೊಡೆಯುತ್ತಾರೆ, ಯಾರಿಗೋ ಲಾಟರಿ ಹೊಡೆಯುತ್ತದೆ, ಮೂಲೆಯಲ್ಲಿಟ್ಟ ಒದ್ದೆ ಬಟ್ಟೆ ವಾಸನೆ ಹೊಡೆಯುತ್ತದೆ. ಇದರಲ್ಲಿ ಯಾರಿಗೂ ಏಟು ಬಿದ್ದಿಲ್ಲ, ಅಲ್ವಾ? ಈ ಪಟ್ಟಿಯನ್ನು ನಿಮಗೆ ಯಾರೂ ಕಲಿಸಲಿಲ್ಲ. ಗಾಳಿ ಹೊಡೆಸುವಾಗ ಆ ಮಾತು ಕೇಳಿದಿರಿ, ಬಣ್ಣ ಹೊಡೆಯುವಾಗ ಈ ಮಾತು ಕೇಳಿದಿರಿ.

ಇನ್ನೂ ಹತ್ತಿರದ ಉದಾಹರಣೆ ಇದೆ. 'ನೋಡು' ಬೇರೆ, 'ನೋಡಿಕೋ' ಬೇರೆ. ಮಗುವನ್ನು ನೋಡು ಅಂದರೆ ಕಣ್ಣಿನ ಕೆಲಸ. ಮಗುವನ್ನು ನೋಡಿಕೋ ಅಂದರೆ ಜವಾಬ್ದಾರಿ. 'ಹೇಳು' ಒಂದು, 'ಹೇಳಿಕೊಡು' ಇನ್ನೊಂದು, 'ಹೇಳಿಕೋ' ಮತ್ತೊಂದು. ಪಾಠ ಹೇಳಿಕೊಡುತ್ತೇವೆ, ಕಷ್ಟ ಹೇಳಿಕೊಳ್ಳುತ್ತೇವೆ. ಹಿಂದೆ ಸೇರಿದ ಒಂದು ಸಣ್ಣ ಬಾಲ ಇಡೀ ಅರ್ಥವನ್ನು ತಿರುಗಿಸಿತು. ಇಂಗ್ಲಿಷಿನ ಆಫ್, ಆನ್, ಅಪ್, ಇನ್, ಓವರ್ ಮಾಡುವ ಕೆಲಸವೂ ಸುಮಾರಾಗಿ ಇದೇ. ಹಾಗಾಗಿ ಬಾಲ ಕೇಳಿಸಿಕೊಳ್ಳುವ ಕಿವಿ ನಿಮಗೆ ಈಗಾಗಲೇ ಇದೆ. ಸದ್ಯಕ್ಕೆ ನಿಮ್ಮ ಗಮನವೆಲ್ಲ 'ಟೇಕ್' ಮೇಲಿದೆ. ಅದನ್ನು ಅದರ ಪಕ್ಕದ ಪುಟ್ಟ ಪದದ ಮೇಲೆ ತನ್ನಿ. ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಉಳಿದದ್ದು ಇದರ ವಿವರ.

'ಟೇಕ್'ನ ಬುಡದಲ್ಲಿರುವುದು ಕೈಯಲ್ಲಿ ಹಿಡಿಯುವುದು. ಇದು ಇಂಗ್ಲೆಂಡಿನ ಹಳೆಯ ಪದವೂ ಅಲ್ಲ. 9ನೇ ಶತಮಾನದಿಂದ ಅಲ್ಲಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯಾದ ಜನರ 'ಟಾಕ' ಎಂಬ ಪದದಿಂದ ಬಂದದ್ದು. ಅದಕ್ಕೆ ಮೊದಲು ಇಂಗ್ಲಿಷರು 'ನಿಮನ್' ಅನ್ನುತ್ತಿದ್ದರು. ಜರ್ಮನ್ ಭಾಷೆಯಲ್ಲಿ ಅದರ ಬಂಧು 'ನೇಮೆನ್' ಇವತ್ತಿಗೂ ಇದೆ. ಇಂಗ್ಲಿಷಿನಲ್ಲಿ ಆ ಹಳೆಯ ಪದ ಹೋಗಿ ಅದರ ಕೆಲಸವೆಲ್ಲ 'ಟೇಕ್' ಪಾಲಿಗೆ ಬಂತು.

ಹಿಡಿಯುವುದರಿಂದ ಮುಂದಕ್ಕೆ ಅರ್ಥ ಕವಲೊಡೆಯುತ್ತದೆ. ಹಿಡಿದದ್ದನ್ನು ಬೇರೆ ಕಡೆ ಒಯ್ಯುವುದು ಒಂದು. ಹಿಡಿದದ್ದನ್ನು ತನ್ನದಾಗಿ ಒಪ್ಪಿಕೊಳ್ಳುವುದು ಇನ್ನೊಂದು. ಸಮಯ ಹಿಡಿಯುವುದು ಮತ್ತೊಂದು. ಕನ್ನಡದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಮಾತಿದೆ. ವಸ್ತುವಾದರೆ ತಗೊಂಡು ಹೋಗುತ್ತೇವೆ, ಮನುಷ್ಯರಾದರೆ ಕರ್ಕೊಂಡು ಹೋಗುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ಟೇಕ್' ಸಾಕು. ಅಜ್ಜಿಯನ್ನು ಆಸ್ಪತ್ರೆಗೆ ಕರ್ಕೊಂಡು ಹೋಗುವುದೂ 'ಟೇಕ್', ಅವರ ರಿಪೋರ್ಟ್ ತಗೊಂಡು ಹೋಗುವುದೂ 'ಟೇಕ್'. ಆದರೆ 'ತಗೊಂಡು ಬಾ' ಅನ್ನುವಾಗ 'ಟೇಕ್' ಬಾರದು, ಅಲ್ಲಿ 'ಬ್ರಿಂಗ್' ಬೇಕು. ನಮ್ಮಲ್ಲಿ ಎರಡರಲ್ಲೂ 'ತಗೊಂಡು' ಇರುವುದರಿಂದ ಇಲ್ಲಿ ತುಂಬ ಜನ ಎಡವುತ್ತಾರೆ. ಕೊನೆಗೆ 'ಹೋಗು' ಇದೆಯೋ 'ಬಾ' ಇದೆಯೋ ನೋಡಿ. ಹೋಗು ಇದ್ದರೆ ಟೇಕ್, ಬಾ ಇದ್ದರೆ ಬ್ರಿಂಗ್.

ಸಮಯದ ವಿಷಯ ನಮಗೆ ಸುಲಭ. 'ನನಗೆ ಎರಡು ಗಂಟೆ ಹಿಡಿಯಿತು' ಅನ್ನುತ್ತೇವಲ್ಲ, 'ಇಟ್ ಟುಕ್ ಮಿ ಟೂ ಅವರ್ಸ್' ಇರುವುದೂ ಹಾಗೆಯೇ.

ಈಗ ಬಾಲಗಳಿಗೆ ಬರೋಣ. ಮೊದಲು 'ಆನ್', ಯಾಕೆಂದರೆ ನಿಮಗೆ ತೊಂದರೆ ಕೊಟ್ಟದ್ದು ಅದೇ. ಇಲ್ಲಿ 'ಆನ್' ಅಂದರೆ ಮೈಮೇಲೆ, ಹೆಗಲ ಮೇಲೆ. 'ಟೇಕ್ ಆನ್' ಅಂದರೆ ವಹಿಸಿಕೊಳ್ಳುವುದು. ನಿಮ್ಮ ಮ್ಯಾನೇಜರ್ ಕೇಳಿದ್ದು 'ಈ ಕೆಲಸ ವಹಿಸ್ಕೋತೀರಾ?' ಅಂತ. ಒಪ್ಪಿಗೆ ಇದ್ದರೆ 'ಶೂರ್, ಐ ಕ್ಯಾನ್ ಟೇಕ್ ದಟ್ ಆನ್' ಅನ್ನಿ. ತಿಂಗಳ ಕೊನೆಯ ಲೆಕ್ಕ ಮುಗಿಸುವ ಒತ್ತಡ ಇದ್ದರೆ 'ಐ ಕಾಂಟ್ ಟೇಕ್ ಆನ್ ಎನಿಥಿಂಗ್ ನ್ಯೂ ದಿಸ್ ವೀಕ್' ಅನ್ನಬಹುದು. ಅದರಲ್ಲಿ ಅಗೌರವ ಏನೂ ಇಲ್ಲ. ಕಂಪನಿ ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಂಡರೂ 'ಟೇಕ್ ಆನ್'. ಬಲವಾದ ಎದುರಾಳಿಗೆ ಎದುರು ನಿಂತರೂ 'ಟೇಕ್ ಆನ್'. ಮೂರರಲ್ಲೂ ಒಂದು ಭಾರ ಮೈಮೇಲೆ ಬರುತ್ತದೆ.

'ಆಫ್' ಅಂದರೆ ಅಂಟಿಕೊಂಡಿದ್ದು ಬಿಟ್ಟು ಬರುವುದು. ಚಪ್ಪಲಿ ಕಾಲಿನಿಂದ ಬಿಟ್ಟಿತು, 'ಟೇಕ್ ಆಫ್'. ವಿಮಾನ ನೆಲ ಬಿಟ್ಟಿತು, ಅದೂ 'ಟೇಕ್ ಆಫ್'. ಹೊಸ ಅಂಗಡಿಗೆ ಇದ್ದಕ್ಕಿದ್ದಂತೆ ವ್ಯಾಪಾರ ಕುದುರಿದರೆ 'ದಿ ಬಿಸಿನೆಸ್ ಟುಕ್ ಆಫ್' ಅನ್ನುತ್ತಾರೆ. ಬೆಲೆಯಲ್ಲಿ ನೂರು ರೂಪಾಯಿ ಇಳಿಸಿದರೆ ಆ ನೂರನ್ನು ಬೆಲೆಯಿಂದ 'ಟೇಕ್ ಆಫ್' ಮಾಡಿದ ಹಾಗೆ. ಒಂದು ದಿನವನ್ನು ಕೆಲಸದಿಂದ ಬಿಡಿಸಿಕೊಂಡರೆ 'ಟೇಕ್ ಎ ಡೇ ಆಫ್'. ಐದು ಅರ್ಥ ಅಂತ ಬಾಯಿಪಾಠ ಮಾಡುವ ಬದಲು 'ಬಿಟ್ಟು ಬಂತು' ಅನ್ನುವ ಒಂದು ಚಿತ್ರ ಇಟ್ಟುಕೊಂಡರೆ ಐದೂ ಅದರೊಳಗೆ ಕೂರುತ್ತವೆ.

'ಇನ್' ನನಗೆ ತುಂಬ ಇಷ್ಟವಾದ ಬಾಲ. ಎಲ್ಲ ಒಳಗೆ ಬರುತ್ತದೆ. ಬೀದಿಯ ನಾಯಿಮರಿಯನ್ನು ಮನೆಯೊಳಗೆ ಸೇರಿಸಿಕೊಂಡರೆ 'ಟೇಕ್ ಇನ್'. ಹೇಳಿದ ವಿಷಯ ತಲೆಯೊಳಗೆ ಇಳಿದರೆ 'ಟೇಕ್ ಇನ್'. ಅದಕ್ಕೇ ಒಂದೇ ಸಲ ತುಂಬ ಮಾಹಿತಿ ಸುರಿದಾಗ 'ಇಟ್ಸ್ ಟೂ ಮಚ್ ಟು ಟೇಕ್ ಇನ್' ಅನ್ನುತ್ತಾರೆ. ದೊಗಲೆಯಾದ ಚೂಡಿದಾರವನ್ನು ಟೈಲರ್ ಹತ್ತಿರ ಬಿಗಿ ಮಾಡಿಸುವುದೂ 'ಟೇಕ್ ಇನ್'. ಬಟ್ಟೆಯ ಅಂಚು ಹೊಲಿಗೆಯ ಒಳಗೆ ಹೋಯಿತು ನೋಡಿ. ಇನ್ನು 'ಐ ವಾಸ್ ಟೇಕನ್ ಇನ್' ಅಂದರೆ ಮೋಸಹೋದೆ, ಯಾಮಾರಿದೆ ಅಂತ. ಇದು ಮಾತ್ರ ಕೇಳಿದ ಕೂಡಲೇ ಹೊಳೆಯುವುದಿಲ್ಲ. ಯಾರದೋ ಬಲೆಯ ಒಳಗೆ ಬಿದ್ದೆ ಎಂದು ನೆನಪಿಟ್ಟುಕೊಳ್ಳಿ. ಬ್ಯಾಂಕಿನ ಹೆಸರು ಹೇಳಿ ಓಟಿಪಿ ಕೇಳುವ ಮೋಸದ ಸುದ್ದಿಗಳಲ್ಲಿ ಈ ಮಾತು ಎದುರಾಗುತ್ತದೆ.

ಉಳಿದ ಬಾಲಗಳನ್ನು ಬೇಗ ಹೇಳಿಬಿಡುತ್ತೇನೆ. 'ಓವರ್' ಇದ್ದರೆ ಅಧಿಕಾರ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತದೆ. ಸಹೋದ್ಯೋಗಿ ಹೆರಿಗೆ ರಜೆಗೆ ಹೋದಾಗ ಅವರ ಕೆಲಸವನ್ನು ನೀವು 'ಟೇಕ್ ಓವರ್' ಮಾಡುತ್ತೀರಿ. 'ಅಪ್' ಜಾಗ ಅಥವಾ ಸಮಯ ತಿನ್ನುತ್ತದೆ, ಹೊಸ ಹವ್ಯಾಸ ಶುರುಮಾಡುವುದಕ್ಕೂ ಅದೇ. 'ಟೇಕ್ ಇಟ್ ಅಪ್ ವಿತ್ ಎಚ್‌ಆರ್' ಅಂದರೆ ಆ ವಿಷಯವನ್ನು ಎಚ್‌ಆರ್ ಹತ್ತಿರ ಎತ್ತಿ ಅಂತ. ಸಾಲ ಅಥವಾ ಇನ್ಶೂರೆನ್ಸ್ ಪಾಲಿಸಿ ಮಾಡಿಸಿದರೆ 'ಟೇಕ್ ಔಟ್'. ಫೋನ್ ನಂಬರ್ ಬರೆದುಕೊಂಡರೆ 'ಟೇಕ್ ಡೌನ್'. ಮಗಳು ಅಮ್ಮನ ಥರವೇ ಇದ್ದರೆ 'ಶಿ ಟೇಕ್ಸ್ ಆಫ್ಟರ್ ಹರ್ ಮದರ್'. ಇದನ್ನು ಮನೆಯ ಹಿರಿಯರನ್ನು ಹೋಲುವಾಗ ಮಾತ್ರ ಹೇಳುತ್ತಾರೆ, ಇಬ್ಬರು ಗೆಳತಿಯರ ಬಗ್ಗೆ ಅಲ್ಲ.

ಆಫೀಸಿನಲ್ಲಿ ನಿಮಗೆ ಪದೇ ಪದೇ ಎದುರಾಗುವ ಕೆಲವನ್ನು ಬೇರೆಯಾಗಿ ಹೇಳಲೇಬೇಕು. 'ಲೆಟ್ಸ್ ಟೇಕ್ ದಿಸ್ ಆಫ್‌ಲೈನ್' ಅಂದರೆ ಇಂಟರ್ನೆಟ್ ಬಂದ್ ಮಾಡಿ ಅಂತಲ್ಲ. ಎಲ್ಲರ ಮುಂದೆ ಬೇಡ, ಮೀಟಿಂಗ್ ಮುಗಿದ ಮೇಲೆ ಸಂಬಂಧಪಟ್ಟವರು ಕೂತು ಮಾತಾಡೋಣ ಅಂತ. 'ಐ'ಲ್ ಟೇಕ್ ಇಟ್ ಫ್ರಮ್ ಹಿಯರ್' ಅಂದರೆ 'ಇಲ್ಲಿಂದ ಮುಂದೆ ನಾನು ನೋಡ್ಕೋತೀನಿ'. 'ಟೇಕ್ ಮಿನಿಟ್ಸ್' ಅಂದರೆ ಸಭೆಯ ನಡಾವಳಿ ಬರೆದುಕೊಳ್ಳುವುದು, ನಿಮಿಷಕ್ಕೂ ಅದಕ್ಕೂ ಸಂಬಂಧ ಇಲ್ಲ. 'ಐ ಟೇಕ್ ಇಟ್ ಯು ಹ್ಯಾವ್ ಸೆಂಟ್ ದಿ ಇನ್‌ವಾಯ್ಸ್' ಅಂದಾಗ ಯಾರೂ ಏನನ್ನೂ ತಗೊಳ್ಳುತ್ತಿಲ್ಲ. 'ಇನ್‌ವಾಯ್ಸ್ ಕಳಿಸಿದ್ದೀರಿ ಅಂದುಕೊಂಡಿದ್ದೇನೆ, ಹೌದು ತಾನೆ?' ಅಂತ ಕೇಳುತ್ತಿದ್ದಾರೆ. ಕಳಿಸಿಲ್ಲದಿದ್ದರೆ ಆಗಲೇ ಹೇಳಿಬಿಡಿ. ಸುಮ್ಮನಿದ್ದರೆ ಕಳಿಸಿದ್ದೀರಿ ಎಂದೇ ಲೆಕ್ಕ. ಹಾಗೆಯೇ 'ಟೇಕ್ ಯುವರ್ ಟೈಮ್' ಅಂದರೆ 'ಅವಸರ ಇಲ್ಲ, ನಿಧಾನವಾಗಿ ಮಾಡಿ'. ಆದರೆ ಕೆಲಸ ಮುಗಿಸಿ ಹೋದಾಗ 'ಯು ಟುಕ್ ಯುವರ್ ಟೈಮ್' ಅಂದರೆ ಅದು ದೂರು: ಇಷ್ಟೊಂದು ತಡಮಾಡಿದಿರಲ್ಲ ಅಂತ. ಕಾಲ ಬದಲಾಯಿತು, ಮಾತಿನ ಧಾಟಿಯೇ ಬದಲಾಯಿತು.

ಎಲ್ಲ ನುಡಿಗಟ್ಟಿಗೂ ಹೀಗೆ ತರ್ಕ ಸಿಗುವುದಿಲ್ಲ. 'ಟೇಕನ್ ಅಬ್ಯಾಕ್' ಅಂದರೆ ಗಾಬರಿಯಿಂದ ತಬ್ಬಿಬ್ಬಾಗುವುದು. ಇದು ಹಾಯಿ ಹಡಗಿನ ಕಾಲದ ಮಾತು. ಗಾಳಿ ದಿಕ್ಕು ಬದಲಿಸಿ ಹಾಯಿಯನ್ನು ಹಿಂದಕ್ಕೆ ಕೂವೆಮರಕ್ಕೆ ಒತ್ತಿದರೆ ಹಡಗು ಥಟ್ಟನೆ ನಿಲ್ಲುತ್ತಿತ್ತು. ಯಾರೋ ಹೇಳಿದ್ದನ್ನು ಪೂರ್ತಿ ನಂಬಬೇಡಿ ಅನ್ನುವುದಕ್ಕೆ ಬ್ರಿಟಿಷರು 'ಟೇಕ್ ಇಟ್ ವಿತ್ ಎ ಪಿಂಚ್ ಆಫ್ ಸಾಲ್ಟ್' ಅನ್ನುತ್ತಾರೆ, ಅಮೆರಿಕದವರು ಚಿಟಿಕೆಯ ಬದಲು ಒಂದು ಹರಳು ಉಪ್ಪು ಅನ್ನುತ್ತಾರೆ. ಬ್ರಿಟನ್ನಿನಲ್ಲಿ 'ಟೇಕಿಂಗ್ ದಿ ಮಿಕಿ' ಅಂದರೆ ಗೇಲಿ ಮಾಡುವುದು. ಇವು ಕೇಳಲು ಚೆಂದ, ಪುಸ್ತಕಗಳ ತುಂಬ ಇವೇ. ನನ್ನ ಅಭಿಪ್ರಾಯ ಕೇಳಿದರೆ, ಇವು ಕೇಳಿದಾಗ ಅರ್ಥವಾದರೆ ಸಾಕು. ಬಾಯಲ್ಲಿ ಬರಲೇಬೇಕು ಅಂತಿಲ್ಲ. ನಿಮ್ಮ ಶ್ರಮವನ್ನೆಲ್ಲ ಟೇಕ್ ಆನ್, ಟೇಕ್ ಓವರ್, ಟೇಕ್ ಅಪ್ ಕಡೆಗೆ ಹಾಕಿ. ಸಂಬಳ ಕೊಡುವ ಮಾತುಗಳು ಅವು.

ಇನ್ನು ಪದ ಎಲ್ಲಿ ಕೂರಬೇಕು ಅನ್ನುವ ವಿಚಾರ. 'ಟೇಕ್ ಆಫ್ ಯುವರ್ ಹೆಲ್ಮೆಟ್' ಸರಿ, 'ಟೇಕ್ ಯುವರ್ ಹೆಲ್ಮೆಟ್ ಆಫ್' ಕೂಡ ಸರಿ. ಆದರೆ ಹೆಲ್ಮೆಟ್ ಜಾಗದಲ್ಲಿ 'ಇಟ್' ಬಂದರೆ ಅದು ನಡುವೆಯೇ ಕೂರಬೇಕು: 'ಟೇಕ್ ಇಟ್ ಆಫ್'. 'ಟೇಕ್ ಆಫ್ ಇಟ್' ಅಂದರೆ ಕೇಳುವವರ ಕಿವಿಗೆ ಚುಚ್ಚುತ್ತದೆ. 'ಟೇಕ್ ಆಫ್ಟರ್' ಈ ಗುಂಪಿಗೆ ಸೇರಿದ್ದಲ್ಲ, ಅದನ್ನು ಒಡೆಯಲು ಬರುವುದಿಲ್ಲ. ಯಾವುದು ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ ಎಂದು ತಲೆ ಕೆಡಿಸಿಕೊಳ್ಳಬೇಡಿ. ಆಕ್ಸ್‌ಫರ್ಡ್, ಲಾಂಗ್‌ಮನ್‌ನವರು ಕಲಿಯುವವರಿಗಾಗಿಯೇ ಮಾಡಿರುವ ನಿಘಂಟುಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಒಡೆಯಬಹುದಾದ ಕಡೆ ಅವು ಎರಡು ತುದಿಯ ಬಾಣದ ಗುರುತು ಹಾಕಿರುತ್ತವೆ. ಬಾಣ ಕಂಡರೆ ಎರಡೂ ಜಾಗದಲ್ಲಿ ಇಡಬಹುದು. ಅಲ್ಲಿ ಅರ್ಥಕ್ಕಿಂತ ಮೊದಲು ಉದಾಹರಣೆ ವಾಕ್ಯ ಓದಿ. ಇಂಗ್ಲಿಷ್ ಪದಕ್ಕೆ ಬರೀ ಕನ್ನಡ ಪದ ಕೊಡುವ ನಿಘಂಟು ಈ ಕೆಲಸಕ್ಕೆ ಸಾಲದು.

ನೀವು ಓದುವಾಗ ಗೊತ್ತಾಗುತ್ತದೆ, ಕೇಳುವಾಗ ಗೊತ್ತಾಗುವುದಿಲ್ಲ ಅಂದಿರಿ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಮಾತಿನಲ್ಲಿ ಈ ಪದಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಮಾತು, ಇಲ್ಲ ಎರಡೂ ಸೇರಿ 'ಮಾತಿಲ್ಲ' ಆಗುವುದನ್ನು ನೀವು ಶಾಲೆಯಲ್ಲಿ ಸಂಧಿ ಪಾಠದಲ್ಲಿ ಓದಿದ್ದೀರಿ. ಅಲ್ಲಿಯೂ ಅಷ್ಟೇ: 'ಟೇಕ್ ಇಟ್ ಆಫ್' ಹೋಗಿ 'ಟೇಕಿಟಾಫ್' ಆಗುತ್ತದೆ, 'ಟೇಕ್ ಇಟ್ ಆನ್' ಹೋಗಿ 'ಟೇಕಿಟಾನ್'. ನೀವು ಮೂರು ಪದಕ್ಕೆ ಕಾಯುತ್ತಿರುತ್ತೀರಿ, ಬರುವುದು ಒಂದೇ ಉಸಿರು. ಅದರಲ್ಲಿ ಒತ್ತು ಬೀಳುವುದು ಕೊನೆಯ ಬಾಲದ ಮೇಲೆ. ಆದ್ದರಿಂದ ಕಲಿಯುವಾಗಲೇ ಕೂಡಿಸಿ, ಜೋರಾಗಿ ಹೇಳಿ. ಬಾಯಿಗೆ ಬಂದದ್ದು ಕಿವಿಗೆ ಬೇಗ ಸಿಗುತ್ತದೆ.

ಕಲಿಯುವ ಕ್ರಮ ಹೀಗಿರಲಿ. ಒಂದು ನೋಟ್‌ಬುಕ್ ಇಡಿ. ಅಕ್ಷರ ಕ್ರಮ ಬೇಡ, ಸಂದರ್ಭದ ಪ್ರಕಾರ ಪುಟ ಮಾಡಿ: ಮೀಟಿಂಗ್ ಒಂದು, ಫೋನ್ ಒಂದು, ಮನೆ ಒಂದು. ಮೀಟಿಂಗ್‌ನಲ್ಲಿ ಏನಾದರೂ ಕಿವಿಗೆ ಬಿದ್ದರೆ ನುಡಿಗಟ್ಟನ್ನಷ್ಟೇ ಬರೆಯಬೇಡಿ. ಯಾರು, ಯಾಕೆ ಹೇಳಿದರು ಅನ್ನುವುದನ್ನೂ ಸೇರಿಸಿ ಪೂರ್ತಿ ವಾಕ್ಯ ಬರೆಯಿರಿ. ಅದರ ಕೆಳಗೆ ನಿಮ್ಮ ಜೀವನದ್ದೇ ಒಂದು ವಾಕ್ಯ. ನಿಮ್ಮ ಅಣ್ಣ ತಂದೆಯ ಅಂಗಡಿ ವಹಿಸಿಕೊಂಡಿದ್ದರೆ 'ಟೇಕ್ ಓವರ್' ಪಕ್ಕದಲ್ಲಿ ಅದನ್ನೇ ಬರೆಯಿರಿ. ಸ್ವಂತ ವಿಷಯ ಮರೆಯುವುದು ಕಷ್ಟ. ವಾರಕ್ಕೆ ಎರಡು ಮೂರು ಸಾಕು, ಜಾಸ್ತಿ ಬೇಡ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಕಳೆದು ಒಮ್ಮೆ ಪುಟ ತಿರುವಿ. ಆದರೆ ಸುಮ್ನೆ ಓದಬೇಡಿ. ಇಂಗ್ಲಿಷ್ ಸಾಲನ್ನು ಕೈಯಿಂದ ಮುಚ್ಚಿ, ಸಂದರ್ಭ ಮಾತ್ರ ನೋಡಿ, ವಾಕ್ಯವನ್ನು ನೀವೇ ಹೇಳಲು ಪ್ರಯತ್ನಿಸಿ. ಹೀಗೆ ತಲೆಯಿಂದ ಹೊರಗೆ ಎಳೆಯುವುದರಲ್ಲೇ ನೆನಪು ಗಟ್ಟಿಯಾಗುತ್ತದೆ. ಮತ್ತೊಮ್ಮೆ ಓದಿದರೆ ಬರೀ ಪರಿಚಯ ಇದೆ ಅನ್ನಿಸುತ್ತದೆ, ಅಷ್ಟೇ.

ಮೀಟಿಂಗ್ ನಡುವೆ ಅರ್ಥವಾಗದಿದ್ದರೆ ಸುಮ್ಮನಾಗಬೇಡಿ. 'ಡು ಯು ವಾಂಟ್ ಮಿ ಟು ಹ್ಯಾಂಡಲ್ ದಿಸ್?' ಎಂದು ನಿಮಗೆ ಗೊತ್ತಿರುವ ಮಾತಿನಲ್ಲಿ ತಿರುಗಿಸಿ ಕೇಳಿ. ಇಂಗ್ಲಿಷ್ ಚೆನ್ನಾಗಿ ಬರುವವರೂ ಹೀಗೆ ಖಚಿತ ಮಾಡಿಕೊಳ್ಳುತ್ತಾರೆ. ಕೆಲಸ ಕೈತಪ್ಪಿ ಹೋಗುವುದಕ್ಕಿಂತ ಇದು ಎಷ್ಟೋ ಮೇಲು.

'ಟೆನ್ಶನ್ ತಗೋಬೇಡ' ವಿಷಯಕ್ಕೆ ಬರೋಣ. 'ಡೋಂಟ್ ಟೇಕ್ ಟೆನ್ಶನ್' ಅಂದರೆ ನಮ್ಮ ದೇಶದಲ್ಲಿ ಎಲ್ಲರಿಗೂ ತಿಳಿಯುತ್ತದೆ. ನಮ್ಮ ನಮ್ಮಲ್ಲಿ ಆಡಿಕೊಳ್ಳುವ ಮಾತಾಗಿ ಅದನ್ನು ತಪ್ಪು ಅಂತ ನಾನು ಹೇಳುವುದಿಲ್ಲ. ಲಂಡನ್ನಿನ ಕ್ಲೈಂಟ್‌ಗೆ ಹೇಳಿದರೆ ಅವರು ಒಂದು ಕ್ಷಣ ತಡವರಿಸುತ್ತಾರೆ. ಅಲ್ಲಿ 'ಡೋಂಟ್ ವರಿ ಅಬೌಟ್ ಇಟ್' ಅನ್ನಿ. ಕನ್ನಡದ 'ತಗೋ' ಹಿಡಿದುಕೊಂಡು ಬಂದ ಮಾತುಗಳು ಇನ್ನೂ ಇವೆ. ಊಟ, ಕಾಫಿಗೆ ನಾವು 'ಟೇಕ್' ಅನ್ನುತ್ತೇವೆ, ಅವರು 'ಹ್ಯಾವ್' ಅನ್ನುತ್ತಾರೆ. ಮಾತ್ರೆಗೆ ಮಾತ್ರ ಎಲ್ಲ ಕಡೆ 'ಟೇಕ್'. ಪ್ರಿಂಟ್ 'ಟೇಕ್' ಮಾಡುವುದಿಲ್ಲ, 'ಪ್ರಿಂಟ್ ಇಟ್ ಔಟ್' ಸಾಕು. 'ನಾಳೆ ರಜೆ ತಗೋತೀನಿ' ಅನ್ನಲು 'ಐ'ಮ್ ಟೇಕಿಂಗ್ ಟುಮಾರೋ ಆಫ್' ಚೆನ್ನಾಗಿ ಒಪ್ಪುತ್ತದೆ.

ಮೂರು ಕಡೆ ಮಾತ್ರ ನಿಜವಾಗಿ ಅರ್ಥ ಕೆಡಬಹುದು, ಹುಷಾರಾಗಿರಿ. ನಮ್ಮಲ್ಲಿ ಮೇಷ್ಟ್ರು ಕ್ಲಾಸ್ ತಗೋತಾರೆ. ಬ್ರಿಟನ್, ಅಮೆರಿಕದಲ್ಲಿ 'ಐ'ಮ್ ಟೇಕಿಂಗ್ ಎ ಕ್ಲಾಸ್' ಅಂದರೆ ಹೇಳುವವರು ವಿದ್ಯಾರ್ಥಿ ಅಂತಲೇ ಸಾಮಾನ್ಯವಾಗಿ ತಿಳಿಯುತ್ತಾರೆ. ಪರೀಕ್ಷೆಯನ್ನು ನಾವು ಬರೆಯುತ್ತೇವೆ, ಹಿಂದಿಯವರು ಕೊಡುತ್ತಾರೆ, ಆ ದೇಶಗಳಲ್ಲಿ ಅದನ್ನು 'ಟೇಕ್' ಮಾಡುವುದು ವಿದ್ಯಾರ್ಥಿಯೇ. ಮೂರನೆಯದು ಆಫೀಸಿನದು. 'ಐ'ಲ್ ಟೇಕ್ ಎ ಕಾಲ್ ಆನ್ ಇಟ್ ಟುಮಾರೋ' ಅಂದರೆ ನಮ್ಮಲ್ಲಿ 'ನಾಳೆ ತೀರ್ಮಾನ ಮಾಡ್ತೀನಿ'. ಹೊರಗಿನವರ ಕಿವಿಗೆ ಅದು ನಾಳೆ ಫೋನ್‌ನಲ್ಲಿ ಮಾತಾಡುವ ಸುದ್ದಿ. ಅವರ ಜೊತೆ 'ಐ'ಲ್ ಡಿಸೈಡ್ ಟುಮಾರೋ' ಅನ್ನಿ, ಗೊಂದಲವೇ ಇಲ್ಲ. ತೀರ್ಮಾನಕ್ಕೆ ಬ್ರಿಟಿಷರು 'ಟೇಕ್ ಎ ಡಿಸಿಶನ್' ಅನ್ನುವುದುಂಟು, ಅಮೆರಿಕದವರು 'ಮೇಕ್'. ಎರಡೂ ನಡೆಯುತ್ತದೆ.

'ಟೇಕ್' ಆದ ಮೇಲೆ 'ಪುಟ್' ಹಿಡಿಯಿರಿ. ಬಾಲಗಳು ಅವೇ, ದಿಕ್ಕು ಬೇರೆ: ಚಪ್ಪಲಿ ಬಿಡುವುದು 'ಟೇಕ್ ಆಫ್', ಹಾಕಿಕೊಳ್ಳುವುದು 'ಪುಟ್ ಆನ್'. 'ಪುಟ್ ಆಫ್' ಅಂದರೆ ಮುಂದೂಡುವುದು, ಪೇಮೆಂಟ್ ವಿಚಾರದಲ್ಲಿ ನಿಮ್ಮ ವಿಭಾಗಕ್ಕೆ ಬೇಕೇ ಬೇಕು. 'ಗೆಟ್' ಆಮೇಲಾಗಲಿ. ಅದಕ್ಕೆ ಬಾಲಗಳೂ ಜಾಸ್ತಿ, ಜೊತೆಗೆ ಬಾಲವೇ ಇಲ್ಲದೆ 'ಗೆಟ್ ಟೈರ್ಡ್', 'ಗೆಟ್ ಮ್ಯಾರೀಡ್' ಅನ್ನುವಲ್ಲಿ ನಮ್ಮ 'ಆಗು'ವಿನ ಕೆಲಸ ಮಾಡುತ್ತದೆ. ಸುಸ್ತಾಗುವುದು, ಮದುವೆಯಾಗುವುದು. ಅದಕ್ಕೆ ಬೇರೆಯೇ ಒಂದು ನೋಟ್‌ಬುಕ್ ಬೇಕಾದೀತು.